ಕಣ್ಣು ಬಿಟ್ಟ ಮೂರು ಗಣಪತಿ

“ಮುಟ್ಟಬ್ಯಾಡ್ರಿ ಶೈಲಜಮ್ಮಾ! ಇನ್ನಾ ನೈವೇದ್ಯ ಆಗಿಲ್ಲ!”

ಬುಗ್ಗಮ್ಮ ಕೂಗಿದ ರಭಸಕ್ಕೆ ಶೈಲಜಾ ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಕೈಯಲ್ಲಿ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿ. ಎದುರಿಗೆ ಆಳೆತ್ತರದ ಮಣ್ಣಿನ ಗಣಪತಿ, ಹುಬ್ಬು ಮುಚ್ಚುವಂತೆ ಬುಗ್ಗಮ್ಮ ಇಳಿಬಿಟ್ಟ ಹೂವಿನ ಸರ. ನಿನ್ನೆ ಮಧ್ಯಾಹ್ನದವರೆಗೆ ಬರೀ ಬಿಳಿ ಬಣ್ಣ ಬಳಿದಿದ್ದ ಅವನ ಕಣ್ಣುಗುಡ್ಡೆಗಳು ಈಗ ಅರಳಿಕೊಂಡು, ಒಳಗೆ ಬಂದವರನ್ನೆಲ್ಲ ‘ಊಟ ಆಯ್ತಾ’ ಎಂದು ಕೇಳುವಂತೆ ನೋಡುತ್ತಿದ್ದವು.

ನಾರಾಯಣಪೇಟೆಯ ಈ ತಾಡಪತ್ರಿ ಶೆಡ್ಡಿನೊಳಗೆ ಯಾರೋ ಕದ್ದು ಬಂದು ಗಣಪತಿಗಳಿಗೆ ಕಣ್ಣು ಬರೆದು ಹೋಗುತ್ತಿದ್ದರು, ಇದು ಮೂರನೆಯದು.

ಚಿನ್ನ ಕದ್ದವರನ್ನು ಶೈಲಜಾ ಹಿಡಿದಿದ್ದಳು. ಎಮ್ಮೆ ಹೊಡೆದುಕೊಂಡು ಹೋದವನನ್ನು ಹಿಡಿದಿದ್ದಳು. ಎರಡು ಊರಲ್ಲಿ ಎರಡು ಹೆಸರು ಹೇಳಿಕೊಂಡು ಹೆಣ್ಣು ನೋಡುತ್ತಿದ್ದ ಮದುವೆ ಗಂಡನ್ನಂತೂ ಬೀಗರ ಮುಂದೆಯೇ ಹಿಡಿದು ನಿಲ್ಲಿಸಿದ್ದಳು. ಆದರೆ ಏನನ್ನೂ ಒಯ್ಯದೆ, ಏನನ್ನೂ ಮುರಿಯದೆ, ಬರೀ ಚಂದದ ಎರಡು ಕಣ್ಣು ಬರೆದಿಟ್ಟು ಹೋಗುವ ಕಳ್ಳ ಅವಳಿಗೆ ಹೊಸಬ.

ಮಕ್ತಲ್ ಬಸ್ ಸ್ಟ್ಯಾಂಡಿನ ಎದುರಿಗೆ ಅವಳದೊಂದು ಬ್ಯೂಟಿ ಪಾರ್ಲರ್. ಹುಬ್ಬು ತಿದ್ದಿಸಿಕೊಳ್ಳಲು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಹೆಂಗಸು ಹೇಳದೆ ಬಿಟ್ಟ ಗುಟ್ಟು ಈ ಸೀಮೆಯಲ್ಲಿ ಯಾವುದೂ ಇರಲಿಲ್ಲ. ಪತ್ತೇದಾರಿ ಅವಳಿಗೆ ಅಂಟಿಕೊಂಡದ್ದು ಹಾಗೆ. ಪೊಲೀಸರ ಹತ್ತಿರ ಹೋಗಲು ನಾಚುವವರೆಲ್ಲ ಅವಳ ಕುರ್ಚಿಗೆ ಬಂದು ಕೂರುತ್ತಿದ್ದರು.

“ನೈವೇದ್ಯ ಯಾವಾಗ ಮುಗೀತೈತಿ ಬುಗ್ಗಮ್ಮಾ?”

“ಈಗ ಕಡುಬು ಕುದ್ಯಾಕ ಇಟ್ಟೀನ್ರಿ. ಆಮ್ಯಾಲ ಮಂಗಳಾರತಿ. ಆಮ್ಯಾಲ ದೇವ್ರು ಸ್ವಲ್ಪ ಮಲಗ್ತಾನ.”

“ಮಲಗಾಕ ಕಣ್ಣು ಮುಚ್ಚಬೇಕಲ್ಲ!”

“ಅದನ್ನ ಬರದಾವ್ನಿಗೆ ಕೇಳ್ರಿ,” ಎಂದು ಬುಗ್ಗಮ್ಮ ಒಲೆಯ ಕಡೆ ತಿರುಗಿದಳು.

ಮೊದಲ ಎರಡು ಗಣಪತಿಗಳ ಕಣ್ಣಂಚನ್ನು ಶೈಲಜಾ ಬೆಳಿಗ್ಗೆಯೇ ಎಣ್ಣೆ ಹತ್ತಿಯಿಂದ ಒತ್ತಿ ನೋಡಿದ್ದಳು. ನೀರಿಗೆ ಜಗ್ಗದ ಆ ಕಪ್ಪು, ಎಣ್ಣೆ ತಾಕಿದೊಡನೆ ಹತ್ತಿಗೆ ಇಳಿದು ಬಂದಿತ್ತು. ಮೂರನೆಯದಕ್ಕೂ ಅದೇ ಪರೀಕ್ಷೆ ಆಗಬೇಕಿತ್ತು. ಆದರೆ ದೇವರು ಊಟಕ್ಕೆ ಕೂತಾಗ ಅವನ ಕಣ್ಣಿಗೆ ಕೈ ಹಾಕುವ ಧೈರ್ಯ ಯಾವ ಪತ್ತೇದಾರಿಣಿಗೂ ಇರಲಿಕ್ಕಿಲ್ಲ. ಮೂರೂ ಒಂದೇ ಕೈಯ ಕೆಲಸ ಎಂದುಕೊಂಡು ಹತ್ತಿಯನ್ನು ಪರ್ಸಿಗೆ ಸೇರಿಸಿದಳು.

ಒಂದು ಜೊತೆ ಕಣ್ಣಿಗೆ ಇಷ್ಟು ರಂಪ ಯಾಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಈ ಶೆಡ್ಡಿನ ರೂಢಿ ಹಾಗಿತ್ತು. ಮೂರ್ತಿ ಎಷ್ಟೇ ದೊಡ್ಡದಿರಲಿ, ಕಣ್ಣು ಬರೆಯುವವರೆಗೆ ಅದು ಮಣ್ಣು. ಕೊಳ್ಳುವವರು ಬಂದು, ತೆಂಗಿನಕಾಯಿ ಒಡೆದು, ಹೊಸ ಸೀರೆ ಅಥವಾ ಧೋತರ ಕೊಟ್ಟು, ತಟ್ಟೆಯಲ್ಲಿ ಕಾಣಿಕೆ ಇಟ್ಟ ಮೇಲೆಯೇ ಕಲಾವಿದರು ಕುಂಚ ಹಿಡಿಯಬೇಕು. ಮೂರ್ತಿಯ ಬೆಲೆಯೆಲ್ಲ ಮಣ್ಣು, ಹುಲ್ಲು, ಬಣ್ಣ, ಜಾಗದ ಬಾಡಿಗೆಗೆ ಹೋಗುತ್ತಿತ್ತು. ಕಣ್ಣಿನ ಕಾಣಿಕೆ ಮಾತ್ರ ಕಲಾವಿದರದ್ದು. ವರ್ಷದ ಅಕ್ಕಿಬೇಳೆ ಅದರಲ್ಲಿಯೇ ಬರಬೇಕು.

ಮೊದಲೇ ಕಣ್ಣು ಬಿಟ್ಟ ಗಣಪತಿಯನ್ನು ಯಾರೂ ಕೊಳ್ಳುವುದಿಲ್ಲ. ನಮ್ಮ ದೇವರು ಮೊದಲು ನಮ್ಮನ್ನೇ ನೋಡಬೇಕು ಎಂದು ಪ್ರತಿ ಓಣಿಯವರ ಹಟ. ಅವನನ್ನು ಹಾಗೇ ಮೂಲೆಯಲ್ಲಿ ಬಿಡುವಂತೆಯೂ ಇಲ್ಲ, ಕಣ್ಣು ಬಿಟ್ಟವನಿಗೆ ಹಸಿವೆಯೂ ಆಗುತ್ತದೆ. ಹೀಗಾಗಿ ಬುಗ್ಗಮ್ಮ ಹೊತ್ತುಹೊತ್ತಿಗೆ ಕಡುಬು ಬೇಯಿಸುತ್ತಿದ್ದಳು. ಪ್ರಸಾದಕ್ಕೆಂದು ಓಣಿಯ ಅರ್ಧ ಜನ ಬೆಳಿಗ್ಗೆಯಿಂದ ಅಲ್ಲಿಯೇ ಠಿಕಾಣಿ ಹೂಡಿದ್ದರು. ಅವರ ಪಾಲಿಗೆ ಕಳ್ಳ ಸಿಗದಿದ್ದರೇ ಒಳ್ಳೆಯದಿತ್ತು.

“ಡಬ್ಬಿಯಾಗಿನ ಬೆಲ್ಲಾ ಎಲ್ಲಾ ಖಾಲಿ ಆತು ಅಕ್ಕಾ,” ಎನ್ನುತ್ತ ಪ್ರಶಾಂತಿ ಕೈಯ ಮಣ್ಣು ಒರೆಸಿಕೊಂಡು ಹತ್ತಿರ ಬಂದಳು. ಬುಗ್ಗಮ್ಮನ ಮಗಳು, ಈ ಮೂರ್ತಿಗಳನ್ನು ಮಾಡಿದವಳು. ಮೂವತ್ತರ ಹೆಂಗಸು, ವರ್ಷವಿಡೀ ಅಂಗನವಾಡಿ ಗೋಡೆಗೆ ಮಾವಿನಹಣ್ಣು, ಮದುವೆ ಮನೆ ಬಾಗಿಲಿಗೆ ಆನೆ, ಬಾರ್ ಬೋರ್ಡಿಗೆ ಕೋಳಿ ಬರೆದು ಹೇಗೋ ದಿನ ತಳ್ಳುತ್ತಿದ್ದಳು. ನಗುವುದು ಮಾತ್ರ ಬಿಟ್ಟಿರಲಿಲ್ಲ.

“ದೊಡ್ಡ ಗಣಪತಿ ಹೆಂಗದಾನ?”

ಪ್ರಶಾಂತಿ ಶೆಡ್ಡಿನ ಹಿಂಬದಿಯ ಪರದೆ ಸರಿಸಿದಳು. ಅಲ್ಲಿ ಮಾಡಿಗೆ ಕಿರೀಟ ತಾಗುವಂಥ ಗಣಪತಿ ಕಾಲು ಮಡಚಿ ಕೂತಿದ್ದ. ಉಟ್ಕೂರಿನ ಯುವಕರ ಸಂಘ ಹೇಳಿ ಮಾಡಿಸಿದ್ದು. ಸೊಂಡಿಲಿನ ಸುಕ್ಕು, ಹೊಟ್ಟೆಯ ಮೇಲಿನ ಹಾವು, ಕಾಲಬಳಿಯ ಇಲಿಯ ಮೀಸೆ ಎಲ್ಲವೂ ಜೀವ ತಳೆದಿದ್ದವು. ಕಣ್ಣು ಮಾತ್ರ ಇನ್ನೂ ಬೆಳ್ಳಗಿತ್ತು. ಅದನ್ನು ನೋಡಿ ಶೈಲಜಾ ಉಸಿರು ಬಿಟ್ಟಳು.

“ನಾಳೆ ಮುಂಜಾನಿ ಬರ್ತಾರ. ಇದೊಂದು ಸರಿಯಾಗಿ ಹೋದ್ರ ಆ ಮೂರರ ಲುಕ್ಸಾನ ತುಂಬ್ತೈತಿ. ಇದೂ ಹಂಗ ಆದ್ರ ನಾ ಮಣ್ಣು ಬಿಟ್ಟು ಮೊಗುಲಪ್ಪನ ಶೆಡ್ಡಿಗೆ ಹೋಗ್ತೀನ್ರಿ. ಅವ್ವಗೂ ಹೇಳೀನಿ.”

“ಅಲ್ಲೇನ್ ಮಾಡ್ತಿ?”

“ಪಂಪಿನಾಗ ಬಣ್ಣ ತುಂಬಿ ಪಿ.ಓ.ಪಿ. ಗಣಪತಿಗೆ ಹೊಡ್ಯೂದು. ಕಣ್ಣು ಬರಿಯೂದೂ ಇಲ್ಲಂತ, ಅಚ್ಚಿನಾಗ ಬಂದಿರ್ತೈತಂತ.”

ಅವಳು ನಕ್ಕೇ ಹೇಳಿದಳು. ಆದರೆ ಹೇಳಿದ ಮೇಲೆ ದೊಡ್ಡ ಗಣಪತಿಯ ಪಾದವನ್ನು ಸುಮ್ಮನೆ ಇನ್ನೊಮ್ಮೆ ನೇವರಿಸಿದಳು. ಇಂಥ ಕೈ ಪಂಪು ಹಿಡಿಯಬಾರದು, ಏನೇ ಆಗಲಿ ಹಿಡಿಯಲು ಬಿಡಬಾರದು ಎಂದು ಶೈಲಜಾ ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡಳು.

ಹೆಸರೆತ್ತಿದ ಮನುಷ್ಯ ಬಾಗಿಲಲ್ಲಿಯೇ ಇದ್ದ. ಗದ್ವಾಲದ ಮೊಗುಲಪ್ಪ ಕಾರಿನಿಂದಿಳಿದು, ಯಾರೂ ಕೊಡುವ ಮೊದಲೇ ಒಂದು ಕಡುಬು ಎತ್ತಿ ಬಾಯಿಗೆ ಹಾಕಿಕೊಂಡ. ಲಾರಿಗಟ್ಟಲೆ ಪಿ.ಓ.ಪಿ. ಮೂರ್ತಿ ತರಿಸಿ ಮಾರುವವನು. ಬೆರಳುಗಳಿಗಿಂತ ಉಂಗುರಗಳೇ ಹೆಚ್ಚು ಕಾಣುತ್ತಿದ್ದವು.

“ಕಣ್ಣು ಬಿಟ್ಟ ದೇವ್ರನ್ನ ಹಿಂಗ ಶೆಡ್ಡಿನಾಗ ಇಡಬಾರ್ದು ತಾಯಿ. ಮೂರೂ ನಂಗ ಕೊಡು. ಮಣ್ಣಿನ ರೇಟಿಗೆ ಒಯ್ತೀನಿ.”

“ಯಾರೂ ತಗೊಳ್ಳದ ಮೂರ್ತಿ ನಿಮಗ್ಯಾಕ್ರಿ?” ಶೈಲಜಾ ನಡುವೆ ಬಾಯಿ ಹಾಕಿದಳು.

“ಕರ್ನೂಲ ಕಡೆ ಕಳಿಸಿದ್ರ, ಕಣ್ಣು ಯಾವಾಗ ಬಿಟ್ಟಾನ ಅಂತ ಯಾರಿಗ್ ಗೊತ್ತಾಗ್ತೈತಿ?” ಅವನು ಮುಚ್ಚುಮರೆಯಿಲ್ಲದೆ ನಕ್ಕ. “ಪ್ರಶಾಂತೀ, ನೀನೂ ಬಂದುಬಿಡು. ನಿನ್ನ ಜೋಡಿದಾರ ಮಹೇಂದರ್ ಬಂದು ಎರಡು ವರ್ಷ ಆತು, ತಿಂಗಳ ತಿಂಗಳ ಪಗಾರ ತಗೊಂಡು ಆರಾಮದಾನ.”

ಕಳ್ಳನಾಗಲು ಬೇಕಾದ ಎಲ್ಲ ಲಕ್ಷಣ ಅವನಲ್ಲಿತ್ತು. ಲಾಭ ಅವನಿಗೇ. ಆದರೆ ಆ ಉಂಗುರದ ಬೆರಳುಗಳಲ್ಲಿ ಕುಂಚ ನಿಲ್ಲುವುದುಂಟೇ? ಬರೆದವರು ಬೇರೆ. ಮಹೇಂದರ್ ಇರಬಹುದೇ? ಪ್ರಶಾಂತಿಯ ಜೊತೆ ಇದೇ ಶೆಡ್ಡಿನಲ್ಲಿ ಮಣ್ಣು ತುಳಿದು, ಇದೇ ಶೆಡ್ಡಿನಲ್ಲಿ ಕಣ್ಣು ಬರೆದು, ಕಡೆಗೆ ಪಗಾರಕ್ಕೆ ಹೋದವನು ಅವನು.

ಅಲ್ಲ ಎಂದು ಶೈಲಜಾಳ ಮನಸ್ಸು ಹೇಳಿತು. ಮೂರ್ತಿ ಮಾಡುವವರು ಹುಬ್ಬನ್ನು ಒಂದೇ ಎಳೆಯಲ್ಲಿ, ಬಿಲ್ಲಿನ ಹಾಗೆ ಎಳೆಯುತ್ತಾರೆ. ಅವಳು ಹತ್ತಿರದಿಂದ ನೋಡಿದ ಮೊದಲ ಎರಡು ಗಣಪತಿಗಳ ಹುಬ್ಬು ಕೂದಲು ಕೂದಲಾಗಿ, ಕೆಳಗಿನಿಂದ ಮೇಲಕ್ಕೆ ಬಿಡಿಸಿದ್ದಾಗಿತ್ತು. ಕಣ್ಣಿನ ಹೊರತುದಿಯಲ್ಲಿ ಕಪ್ಪು ಮೇಲಕ್ಕೆ ಸಣ್ಣಗೆ ಬಾಲ ಎತ್ತಿತ್ತು. ಎಣ್ಣೆಗೆ ಮಾತ್ರ ಬಿಡುವ ಆ ಕಪ್ಪು, ಮೂರ್ತಿಗೆ ಹಚ್ಚುವ ಬಣ್ಣವೇ ಅಲ್ಲ. ಮದುಮಗಳು ಎಷ್ಟು ಅತ್ತರೂ ಕರಗದಿರಲಿ ಎಂದು ಹಚ್ಚುವ ಐಲೈನರ್.

ಅಂದರೆ ಗಣಪತಿಗೆ ಯಾರೋ ಮದುಮಗಳ ಮೇಕಪ್ ಮಾಡಿದ್ದರು. ಮತ್ತು ಆ ಬಾಲ, ಆ ಹುಬ್ಬು ಶೈಲಜಾ ತಾನೇ ಕುರ್ಚಿಯ ಪಕ್ಕ ನಿಂತು ಹೇಳಿಕೊಟ್ಟ ಕೆಲಸ.

ಅವಳ ಹತ್ತಿರ ಕಲಿತವರಲ್ಲಿ ಒಬ್ಬಳು ಗಂಡನ ಜೊತೆ ಪುಣೆಗೆ ದುಡಿಯಲು ಹೋಗಿದ್ದಳು. ಇನ್ನೊಬ್ಬಳು ಬಾಣಂತಿ. ಉಳಿದವಳು ಗದ್ವಾಲದಲ್ಲಿ ಸ್ವಂತ ಪಾರ್ಲರ್ ಹಾಕಿದ ರಜಿತಾ. ಮಹೇಂದರನ ಹೆಂಡತಿ.

“ಪ್ರಶಾಂತೀ, ದೊಡ್ಡವನ ಮುಂದಿಂದ ಏಳಬ್ಯಾಡ. ನಾ ಸಂಜಿಯೊಳಗ ಫೋನ್ ಮಾಡ್ತೀನಿ.”

“ಎಲ್ಲಿಗ್ ಹೊಂಟ್ರಿ?”

“ಮೇಕಪ್ ಮಾಡಿಸ್ಕೊಳ್ಳಾಕ.”

*

ಮಕ್ತಲ್‌ನಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದಳು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಅವಳ ಪತ್ತೇದಾರಿಕೆಯ ಖರ್ಚು ಬಹಳ ಇಳಿದಿತ್ತು. ಕಳ್ಳಿಯರ ಖರ್ಚೂ ಇಳಿದಿರಬೇಕು ಎಂದು ಹೊಳೆದು ಕಿಟಕಿಯ ಪಕ್ಕ ಒಬ್ಬಳೇ ನಕ್ಕಳು.

ಜೂರಾಲ ಅಣೆಕಟ್ಟಿನ ಹತ್ತಿರ ಮೀನು ಕರಿಯುವ ವಾಸನೆ ಬಸ್ಸಿನೊಳಗೆ ನುಗ್ಗಿತು. ಕೊರಳಲ್ಲಿ ಲಿಂಗ ಇದ್ದ ಶೈಲಜಾ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಪಕ್ಕದ ಸೀಟಿನ, ಐಜ ಊರಿನ ಅಜ್ಜಿ ಆಸೆಗಣ್ಣಿನಿಂದ ಹೊರಗೆ ಬಗ್ಗಿ ನೋಡಿ, “ಇಳದು ಹತ್ತೂನೇನ್ರಿ?” ಎಂದಳು. ಬಸ್ಸು ನಿಲ್ಲಲಿಲ್ಲ.

ರಜಿತಾಳ ಪಾರ್ಲರ್ ಕೋಟೆಯ ಹತ್ತಿರ, ಸೀರೆ ಅಂಗಡಿಗಳ ಸಾಲಿನಲ್ಲಿತ್ತು. ಗಿರಾಕಿ ಇರಲಿಲ್ಲ. ಗುರುವನ್ನು ಕಂಡದ್ದೇ ಅವಳು ಓಡಿಬಂದು ಕಾಲು ಮುಟ್ಟಿದಳು.

“ಅಕ್ಕಾ! ಒಂದು ಫೋನ್ ಮಾಡಬಾರ್ದೇನ್ರಿ? ಚಹಾ ತರಸ್ತೀನಿ.”

“ಚಹಾ ಆಮ್ಯಾಲ. ಒಂದು ಮದುವಿಗೆ ಹೋಗಬೇಕಾಗೈತಿ. ನಂಗ ಕಣ್ಣು ಬರೀ.”

“ನಿಮಗ ನಾನು?” ರಜಿತಾ ನಾಚಿ ಬಾಯಿ ಮುಚ್ಚಿಕೊಂಡಳು. “ಸೂರ್ಯಗ ದೀಪ ತೋರ್ಸಿದಂಗಾತು.”

“ತೋರ್ಸು, ನೋಡೂಣು.”

ಶೈಲಜಾ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದಳು. ರಜಿತಾಳ ಕೈ ಹಗುರಾಗಿತ್ತು. ತಣ್ಣನೆಯ ಕುಂಚ ರೆಪ್ಪೆಯ ಅಂಚಿನಲ್ಲಿ ಎಲ್ಲಿಯೂ ತಡವರಿಸದೆ ಹರಿದು, ಹೊರತುದಿಯಲ್ಲಿ ಒಂದು ಗಳಿಗೆ ನಿಂತು, ಮೇಲಕ್ಕೆ ಎಳೆಯಿತು. ಆಮೇಲೆ ಹುಬ್ಬು. ಕೆಳಗಿನಿಂದ ಮೇಲಕ್ಕೆ, ಕೂದಲು ಕೂದಲಾಗಿ. ಹುಡುಗಿ ತನಗಿಂತ ಚೆನ್ನಾಗಿ ಮಾಡುತ್ತಿದ್ದಾಳೆ ಎಂದು ಶೈಲಜಾಳಿಗೆ ಅನ್ನಿಸಿ ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು.

“ನೋಡ್ರಿ ಅಕ್ಕಾ.”

ಶೈಲಜಾ ಕಣ್ಣು ಬಿಟ್ಟಳು. ಕನ್ನಡಿಯಲ್ಲಿ ತನ್ನ ಮುಖ ನೋಡಿದಳು. ಪರ್ಸಿನಿಂದ ಫೋನ್ ತೆಗೆದು, ಮೊದಲ ಗಣಪತಿಯ ಮುಖದ ಫೋಟೋ ದೊಡ್ಡದು ಮಾಡಿ, ತನ್ನ ಕೆನ್ನೆಯ ಪಕ್ಕಕ್ಕೆ ಹಿಡಿದಳು.

ಕನ್ನಡಿಯಲ್ಲಿ ಎರಡು ಜೊತೆ ಕಣ್ಣು ಅಕ್ಕಪಕ್ಕ ಕಂಡವು. ಸೊಂಡಿಲೊಂದನ್ನು ಬಿಟ್ಟರೆ ವ್ಯತ್ಯಾಸವೇನೂ ಇರಲಿಲ್ಲ.

ರಜಿತಾಳ ಕೈಯಿಂದ ಕುಂಚ ಕೆಳಗೆ ಬಿತ್ತು.

“ಯಾಕವ್ವಾ ಹಿಂಗ್ ಮಾಡ್ದಿ?” ಶೈಲಜಾ ದನಿ ಏರಿಸಲಿಲ್ಲ.

“ನಾ ಏನೂ ಮಾಡಿಲ್ರಿ.”

“ಹಂಗಾದ್ರ ಗಣಪತಿನೇ ನಿನ್ನ ಪಾರ್ಲರಿಗೆ ಬಂದಿದ್ನೇನು?”

ರಜಿತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸ್ಟೂಲಿನ ಮೇಲೆ ಕುಸಿದು ಕೂತು ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು.

“ತಿಂಗಳಾತು ಅಂದ್ರ ಮನ್ಯಾಗ ಪಗಾರ ಬರ್ತೈತ್ರಿ ಅಕ್ಕಾ. ಮೊಗುಲಪ್ಪ ಎಂಥಾವ್ನೇ ಇರ್ಲಿ, ಪಗಾರ ತಪ್ಪಿಸಿಲ್ಲ. ಈಗ ನೋಡಿದ್ರ ನನ್ನ ಗಂಡ, ಹಬ್ಬ ಮುಗಿದ ಮ್ಯಾಲ ಅದನ್ನ ಬಿಟ್ಟು ಪ್ರಶಾಂತಿ ಜೋಡಿ ಮತ್ತ ಮಣ್ಣು ತುಳೀತೀನಿ ಅಂತಾನ. ಪಂಪು ಹಿಡದು ಹಿಡದು ಕೈ ಸತ್ತು ಹೋಗೈತಿ ಅಂತಾನ. ಕೈ ಬದುಕಿದ್ರ ಹೊಟ್ಟಿ ಬದುಕ್ತೈತೇನ್ರಿ?”

“ಅದಕ್ಕ ಪ್ರಶಾಂತಿ ಶೆಡ್ಡು ಮುಚ್ಚಿಸಾಕ ಹೊಂಟಿದ್ದಿ?”

“ಶೆಡ್ಡೇ ಇಲ್ಲಂದ್ರ ಇಂವ ಎಲ್ಲಿಗ್ ಹೋಗ್ತಾನ? ಅಂತ ಹೋದೆ. ಪಾರ್ಲರಿನಾಗ ಮಾರಾಕ ನಾರಾಯಣಪೇಟಿ ಸೀರಿ ತರಾಕ ಹೋಗ್ತಿರ್ತೀನಲ್ರಿ. ಪ್ರಶಾಂತಿ ಅಂಗನವಾಡಿ ಗೋಡಿ ಬರಿಯಾಕ ಹೋಗಿರ್ತಾಳ, ಬುಗ್ಗಮ್ಮ ಉಂಡು ಮಲಗಿರ್ತಾಳ.”

“ಮೂರ್ತಿ ಕೆಡಸಬೇಕು ಅಂದ್ರ ಒಂದು ಕೊಡ ನೀರು ಸುರದಿದ್ರ ಆಗ್ತಿತ್ತು. ಕಣ್ಣು ಬರಿಬೇಕಂದ್ರ ಸೊಟ್ಟಪಟ್ಟ ಗೀಚಿದ್ರೂ ಆಗ್ತಿತ್ತು. ಇಷ್ಟು ಚಂದ ಯಾಕ ಬರದಿ?”

ರಜಿತಾ ದುಪಟ್ಟಾ ಸರಿಸಿದಳು. ಮೂಗು ಕೆಂಪಗಾಗಿತ್ತು.

“ಗೀಚಬೇಕಂತಾನೇ ಹೋಗಿದ್ದೆ ಅಕ್ಕಾ. ಗಣಪತಿ ಮಾರಿ ಅಷ್ಟು ಚಂದ ಮಾಡ್ಯಾಳ ಪ್ರಶಾಂತಿ. ಅದರ ಮುಂದ ನಿಂತ ಮ್ಯಾಲ ಕೈ ಕೇಳಲಿಲ್ಲ.”

ಶೈಲಜಾಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕನಿಕರ. ಪಾರ್ಲರಿನ ಬಾಡಿಗೆಗೆ ಮದುವೆ ತಿಂಗಳುಗಳ ದಾರಿ ಕಾಯುವುದು ಏನೆಂದು ಅವಳಿಗೆ ಗೊತ್ತಿತ್ತು. ಆಷಾಢದಲ್ಲಿ ಯಾರೂ ಬಾಗಿಲು ತಟ್ಟದ ದಿನಗಳಲ್ಲಿ, ಸರ್ಕಾರಿ ಆಫೀಸಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕರೂ ಸಾಕು ಎಂದು ಅವಳೂ ಅಂದುಕೊಂಡಿದ್ದುಂಟು.

ಆದರೂ ತಪ್ಪು ತಪ್ಪೇ. ಅವಳು ಎದ್ದು ರಜಿತಾಳ ಕೈ ಹಿಡಿದಳು.

“ನಡಿ. ಪ್ರಶಾಂತಿ ಮುಂದ ಬಂದು ಈ ಮಾತು ನೀನೇ ಹೇಳು. ಆಮ್ಯಾಲ ಮೂರೂ ಗಣಪತಿ ಹೆಂಗ ಮಾರೂದು ಅಂತ ಕೂಡಿ ವಿಚಾರ ಮಾಡೂಣು.”

“ಮೂರಾ?” ರಜಿತಾ ತಲೆ ಎತ್ತಿದಳು. “ಎರಡಲ್ರಿ ಅಕ್ಕಾ?”

“ನಿನ್ನೆ ಮಧ್ಯಾಹ್ನ ಬರದದ್ದು ಮರತಿಯೇನು?”

“ನಿನ್ನೆ ನಾ ಐಜದಾಗಿದ್ದೆ! ಮದುಮಗಳ ಮೇಕಪ್ಪಿಗೆ ಹೋಗಿದ್ದೆ, ನೋಡ್ರಿ.” ಅವಸರದಿಂದ ಫೋನ್ ತೆರೆದು ತೋರಿಸಿದಳು. ಚಪ್ಪರದ ಕೆಳಗೆ ಮದುಮಗಳು, ಪಕ್ಕದಲ್ಲಿ ರಜಿತಾ, ಹಿಂದೆ ಹೆಸರು, ನಿನ್ನೆಯ ತಾರೀಖು ಬರೆದ ದೊಡ್ಡ ಬೋರ್ಡು. ಸುಳ್ಳು ಹೇಳುವ ಫೋಟೋ ಅಲ್ಲ ಅದು. “ನಾ ಬರದದ್ದು ಎರಡಕ್ಕೇ. ನನ್ನ ತಾಳಿ ಆಣಿ. ಮೂರನೇದು ನಂದಲ್ಲ.”

ಪರ್ಸಿನಲ್ಲಿ ಉಳಿದುಹೋದ ಎಣ್ಣೆ ಹತ್ತಿ ನೆನಪಾಗಿ ಶೈಲಜಾಳಿಗೆ ತನ್ನ ತಲೆಗೆ ತಾನೇ ಮೊಟಕಿಕೊಳ್ಳಬೇಕು ಅನ್ನಿಸಿತು. ಕಡುಬು ಬೇಯುತ್ತಿದೆ ಎಂದು ಪರೀಕ್ಷೆ ಬಿಟ್ಟ ಪತ್ತೇದಾರಿಣಿ ಈ ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು.

ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು. ಪ್ರಶಾಂತಿ. ಶೈಲಜಾ ಸ್ಪೀಕರ್ ಹಾಕಿದಳು. ಅತ್ತ ಕಡೆಯಿಂದ ಮೊದಲು ಕೇಳಿದ್ದು ಬ್ಯಾಂಡು, ತಮಟೆ, ‘ಗಣಪತಿ ಬಪ್ಪಾ’ ಎಂಬ ಕೂಗು.

“ಅಕ್ಕಾ, ಉಟ್ಕೂರಿನವ್ರು ಇವತ್ತೇ ಬಂದುಬಿಟ್ಟಾರ್ರಿ! ನಾಳೆ ಟ್ರ್ಯಾಕ್ಟರ್ ಸಿಗೂದಿಲ್ಲಂತ. ಬ್ಯಾಂಡ್ ಸಪ್ಪಳ ಕೇಳಿ ನಾನೂ ಅವ್ವಾನೂ ಬಾಗಿಲಿಗೆ ಓಡಿದ್ವಿ. ಆರತಿ ಎತ್ತಿ, ಅವ್ರನ್ನ ಹೊರಗ ನಿಲ್ಲಿಸಿ ಒಳಗ ಬಂದು ನೋಡ್ತೀನಿ… ದೊಡ್ಡವ ಕಣ್ಣು ಬಿಟ್ಟಾನ್ರಿ.”

“ಎರಡೂ?”

“ಒಂದೇ. ಬಲಗಣ್ಣು. ಇನ್ನಾ ಹಸಿ ಐತಿ. ನಾ ಬಂದ ಸಪ್ಪಳಕ್ಕ ಹಿಂದಿನ ತಾಡಪತ್ರಿ ಎತ್ತಿ ಓಡಿ ಹೋಗ್ಯಾರ.”

“ಪ್ರಶಾಂತೀ, ಸಮಾಧಾನ. ಹುಬ್ಬು ನೋಡು. ಕೂದಲು ಕೂದಲಾಗಿ ಐತೇನು?”

“ಇಲ್ರಿ. ಒಂದೇ ಎಳಿ. ಅಕ್ಕಾ… ಇದು ನಾ ಬರದಂಗೇ ಐತಿ. ಕಣ್ಣಿನ ಮೂಲ್ಯಾಗ ನಾ ಇಡೂ ಕೆಂಪು ಚುಕ್ಕಿ ಸುದ್ದಾ ಐತಿ. ನಾನೇ ಬರದು ಮರತೇನೇನು ಅನ್ನಿಸಾಕ ಹತ್ತೈತಿ.”

ಶೈಲಜಾ ತಿರುಗಿ ನೋಡಿದಳು. ರಜಿತಾ ಫೋನಿನ ಹತ್ತಿರ ಬಗ್ಗಿದ್ದಳು.

“ಆ ಕೆಂಪು ಚುಕ್ಕಿ ಇಡಾವ್ರು ಇಬ್ಬರೇ ಅದಾರ ಅಕ್ಕಾ,” ಎಂದು ಅವಳು ಪಿಸುಗುಟ್ಟಿದಳು. “ಅಕಿ ಒಬ್ಬಾಕಿ. ಇನ್ನೊಬ್ಬ ಬಣ್ಣ ತರಾಕ ರಾಯಚೂರಿಗೆ ಹೋಗ್ತೀನಿ ಅಂತ ನಿನ್ನೆ ಹೋಗ್ಯಾನ, ಇವತ್ತೂ ಮುಂಜಾನಿ ಹೋಗ್ಯಾನ.”

ಅದೇ ಶೆಡ್ಡಿಗೆ ಮರಳಿ ಬರಬೇಕೆಂದು ಹಂಬಲಿಸುವ ಮಹೇಂದರ್ ಅದೇ ಶೆಡ್ಡನ್ನು ಯಾಕೆ ಮುಳುಗಿಸುತ್ತಾನೆ? ಶೈಲಜಾ ಬಾಯಿ ತೆರೆಯುವಷ್ಟರಲ್ಲಿ ಫೋನಿನಲ್ಲಿ ತಮಟೆಯ ಸದ್ದು ಜೋರಾಯಿತು. ಯಾರೋ ಗಂಡಸು, “ಪ್ರಶಾಂತಕ್ಕಾ, ಕಾಯಿ ಒಡ್ಯೂನೇನು? ಪರದೆ ತೆಗೀರಿ!” ಎಂದು ಕೂಗುವುದು ಸ್ಪಷ್ಟವಾಗಿ ಕೇಳಿಸಿತು.

“ಅಕ್ಕಾ, ಜಲ್ದಿ ಹೇಳ್ರಿ,” ಎಂದಳು ಪ್ರಶಾಂತಿ. “ಕುಂಚ ಕೈಯಾಗೈತಿ. ಅವ್ರು ಕಾಯಿ ಒಡದ ಮ್ಯಾಲ ಪರದೆ ಹಿಂದ ಇನ್ನೊಂದು ಕಣ್ಣು ಬರದು, ಎರಡೂ ಈಗ ನಾನೇ ಬರದೆ ಅಂತ ಸುಳ್ಳು ಹೇಳ್ಲೋ, ಪರದೆ ತೆಗೆದು ಖರೇ ತೋರ್ಸಲೋ?”